ಚಕ್ಕುಬಂದಿಯಲ್ಲಿ ನೆರೆಯವರು: ಕೊಪ್ಪಳದ ಓಣಿಯೊಂದರಿಂದ ಕಂಡ ಮನೆಕ್ರಯದ ಚರಿತ್ರೆ

ಶಾಸನಗಳನ್ನು ನಾವು ತರಗತಿಯಲ್ಲಿ ಪಾಠ ಮಾಡುತ್ತೇವೆ. ಕ್ರಯಪತ್ರಗಳನ್ನು ಮನೆಯ ಕಪಾಟಿನಲ್ಲಿ ಬೀಗ ಹಾಕಿ ಇಡುತ್ತೇವೆ. ಇವೆರಡೂ ಒಂದೇ ವಂಶಕ್ಕೆ ಸೇರಿದ ಬರಹಗಳೆಂಬುದು ಸಾಮಾನ್ಯವಾಗಿ ನಮ್ಮ ಗಮನಕ್ಕೆ ಬರುವುದಿಲ್ಲ. ಕೊಟ್ಟವರು ಯಾರು, ಪಡೆದವರು ಯಾರು, ನೆಲದ ಅಳತೆ ಎಷ್ಟು, ನಾಲ್ಕು ದಿಕ್ಕಿನ ಎಲ್ಲೆಗಳು ಯಾವುವು, ಸಾಕ್ಷಿಗಳು ಯಾರು ಎಂಬ ಐದು ಪ್ರಶ್ನೆಗಳಿಗೆ ಹತ್ತನೆಯ ಶತಮಾನದ ದಾನಶಾಸನವೂ ಉತ್ತರಿಸುತ್ತದೆ, ನಿನ್ನೆ ನೋಂದಣಿಯಾದ ಮನೆಯ ಪತ್ರವೂ ಉತ್ತರಿಸುತ್ತದೆ. ಈ ಐದರಲ್ಲಿ ನಾಲ್ಕನೆಯದನ್ನು, ಎಂದರೆ ಎಲ್ಲೆಯ ಪ್ರಶ್ನೆಯನ್ನು, ಮನೆಗೆ ಅನ್ವಯಿಸಿ ನೋಡುವುದು ಪ್ರಸ್ತುತ ಲೇಖನದ ಉದ್ದೇಶ. ಏಕೆಂದರೆ ಊರ ನಡುವಿನ ಮನೆಗೆ ಎಲ್ಲೆಯೆಂದರೆ ಕಲ್ಲೂ ಅಲ್ಲ, ಹಳ್ಳವೂ ಅಲ್ಲ. ಅದು ನೆರೆಯವರ ಹೆಸರು.

ನಾನು ಹಿಟ್ನಾಳದಲ್ಲಿ ಹುಟ್ಟಿ ಬೆಳೆದವನು. ಅಧ್ಯಾಪನಕ್ಕೆ ಸೇರಿದ ಕೆಲವು ವರ್ಷಗಳ ನಂತರ ಕೊಪ್ಪಳದ ಹಳೆಯ ಊರಿನ ಒಂದು ಓಣಿಯಲ್ಲಿ ಮನೆ ಕೊಂಡೆ. ಮಣ್ಣಿನ ಮಾಳಿಗೆ, ಪಡಸಾಲೆ, ನಡುವೆ ಒಂದು ಬೆಳಕಿಂಡಿ, ಹೊರಗೆ ಕೂರಲು ಕಟ್ಟೆ. ಪಡುವಣ ಗೋಡೆ ಪಕ್ಕದ ಮನೆಯವರಿಗೂ ನಮಗೂ ಸಾಮಾಯಿಕ. ಮನೆಯೊಂದಿಗೆ ಒಂದು ಕಾಗದದ ಗಂಟೂ ಬಂದಿತು. ಅದರಲ್ಲಿ ಅತ್ಯಂತ ಹಳೆಯದು ಉರ್ದು ಲಿಪಿಯ ಬೈನಾಮಾ, ಎಂದರೆ ಕ್ರಯಪತ್ರ. ಕಾಲ ಫಸಲಿಯಲ್ಲಿದೆ, ನಿಜಾಮ ರಾಜ್ಯದ ಫಸಲಿಗೆ ಸುಮಾರು 590 ಕೂಡಿಸಿದರೆ ಕ್ರಿಸ್ತಶಕ ದೊರೆಯುತ್ತದೆ. ಉರ್ದು ಬಲ್ಲ ಹಿರಿಯರೊಬ್ಬರು ಅದನ್ನು ಓದಿ ಹೇಳಿದಾಗ ನನ್ನನ್ನು ತಡೆದು ನಿಲ್ಲಿಸಿದ್ದು ‘ಹುದೂದೆ ಅರ್ಬಾ’ ಎಂಬ ಮಾತು. ಅರ್ಥ, ನಾಲ್ಕು ಎಲ್ಲೆಗಳು. ಮಶ್ರಿಕ್, ಮಗ್ರಿಬ್, ಶುಮಾಲ್, ಜುನೂಬ್ ಎಂದು ದಿಕ್ಕುಗಳನ್ನು ಹೇಳಿ, ಒಂದೊಂದರ ಮುಂದೆಯೂ ಅಲ್ಲಿ ವಾಸವಾಗಿದ್ದವರ ಹೆಸರನ್ನು ಬರೆದಿತ್ತು. ನನ್ನ ಕನ್ನಡ ಪತ್ರದಲ್ಲಿ ಅದೇ ಸ್ಥಳದಲ್ಲಿ ‘ಚಕ್ಕುಬಂದಿ’ ಇದೆ. ಶಾಸನಗಳಲ್ಲಿ ಅದೇ ಸ್ಥಳದಲ್ಲಿ ‘ಚತುಸ್ಸೀಮೆ’ ಇರುತ್ತದೆ. ಭಾಷೆ ಮೂರು, ಆಡಳಿತ ಮೂರು. ಜಾಗ ಮಾತ್ರ ಒಂದೇ.

ಕೊಪ್ಪಳದಲ್ಲಿ ನೆಲ ಕೊಳ್ಳುವುದು ಹೊಸ ಸಂಗತಿಯಲ್ಲ. ಗವಿಮಠ ಮತ್ತು ಪಾಲ್ಕಿಗುಂಡುಗಳಲ್ಲಿ ಅಶೋಕನ ಶಾಸನಗಳನ್ನು ಹೊತ್ತಿರುವ ಈ ಊರು ಕವಿರಾಜಮಾರ್ಗದಲ್ಲಿ ಕನ್ನಡದ ತಿರುಳ್ನಾಡಿನ ನಾಲ್ಕು ನೆಲೆಗಳಲ್ಲಿ ಒಂದಾಗಿ ಹೆಸರಾಗಿದೆ. ಕಿಸುವೊಳಲು, ಪುಲಿಗೆರೆ ಮತ್ತು ಒಂಕುಂದಗಳೊಡನೆ ಅಲ್ಲಿ ನಿಲ್ಲುವುದು ಕೊಪಣನಗರ. ಇದನ್ನು ತೀರ್ಥವೆಂದು ಮಾತ್ರ ಓದುವ ರೂಢಿ ನಮ್ಮಲ್ಲಿ ಬಲವಾಗಿದೆ. ಆದರೆ ತೀರ್ಥ ನಿಂತದ್ದು ನಗರದಲ್ಲಿ. ನಗರ ನಿಂತದ್ದು ಮನೆಗಳ ಮೇಲೆ, ಹೊಲಗಳ ಮೇಲೆ. 881ರ ಇಲ್ಲಿನ ಶಾಸನವೊಂದು ಏಕಚಟ್ಟುಗದ ಭಟಾರರ ಶಿಷ್ಯರಾದ ಸರ್ವನಂದಿ ಭಟಾರರನ್ನು ಕುರಿತದ್ದು. ಅವರ ಸಂನ್ಯಸನವನ್ನು ಹೇಳುವ ಮುನ್ನ ಅದು ಅವರು ಇಲ್ಲಿ ನೆಲೆಸಿ ಊರಿಗೆ ಉಪಕಾರಿಯಾಗಿದ್ದುದನ್ನು ಹೇಳುತ್ತದೆ. ಎಲ್ಲವನ್ನೂ ತೊರೆದವರ ಬಗೆಗೂ ಮೊದಲು ನೆನಪಾದದ್ದು ಅವರು ಊರಲ್ಲಿ ‘ಇದ್ದ’ ರೀತಿ ಎಂಬುದನ್ನು ಗಮನಿಸಬೇಕು.

ಈ ಲೇಖನಕ್ಕೆ ಇನ್ನೂ ಹತ್ತಿರದ ಉಲ್ಲೇಖ ಕೊಪ್ಪಳದಿಂದ ಬಹುದೂರದ ಶ್ರವಣಬೆಳಗೊಳದಲ್ಲಿದೆ. ಹೊಯ್ಸಳ ಒಂದನೆಯ ನರಸಿಂಹನ ಹಿರಿಯ ಭಂಡಾರಿಯಾಗಿದ್ದ ಹುಳ್ಳನು ಭಂಡಾರಿ ಬಸದಿಯನ್ನು ಕಟ್ಟಿಸಿದ್ದು ಸುಪ್ರಸಿದ್ಧ. ಹನ್ನೆರಡನೆಯ ಶತಮಾನದ ನಡುಭಾಗದ ಅಲ್ಲಿನ ಶಾಸನವು ಅವನ ಇತರ ಕಾರ್ಯಗಳ ಜೊತೆಗೆ ಕೊಪಣ ಮಹಾತೀರ್ಥದ ಮುನಿಸಂಘಕ್ಕೆ ಅವನು ಮಾಡಿದ ಏರ್ಪಾಡನ್ನೂ ಹೇಳುತ್ತದೆ. ಅವನು ಅಲ್ಲಿನ ಕ್ಷೇತ್ರದ ಒಡೆಯರಿಗೆ ಬಹಳ ಹೊನ್ನನ್ನು ಕೊಟ್ಟು, ಪಡೆದ ನೆಲವನ್ನು ವೃತ್ತಿಯಾಗಿ ಬಿಟ್ಟನು. ಇಲ್ಲಿ ರಾಜಾಜ್ಞೆಯಿಂದ ಯಾರ ನೆಲವನ್ನೂ ಕಿತ್ತುಕೊಂಡಿಲ್ಲ. ದಕ್ಷಿಣದಿಂದ ಬಂದ ಅಧಿಕಾರಸ್ಥನೊಬ್ಬ ಕೊಪಣದ ನೆಲವನ್ನು ಅದರ ಒಡೆಯರಿಂದ ಬೆಲೆ ಕೊಟ್ಟು ಕೊಂಡಿದ್ದಾನೆ. ಹೊರಗಿನವನು ಈ ಊರಿನಲ್ಲಿ ಆಸ್ತಿ ಕೊಂಡ ಪ್ರಸಂಗವೊಂದು ಎಂಟುನೂರೈವತ್ತು ವರ್ಷಗಳಿಗೂ ಹಿಂದೆ ಕಲ್ಲಿನ ಮೇಲೆ ದಾಖಲಾಗಿದೆ.

ಕೊಂಡದ್ದನ್ನು ಅಂದು ಭದ್ರಪಡಿಸುತ್ತಿದ್ದದ್ದು ಹೇಗೆ? ಹೊಲವಾದರೆ ಎಲ್ಲೆಗಲ್ಲು ನೆಟ್ಟು. ಶಿವಾಲಯದ ಭೂಮಿಗೆ ಲಿಂಗಮುದ್ರೆಯ ಕಲ್ಲು, ಬಸದಿಯ ಭೂಮಿಗೆ ಮುಕ್ಕೊಡೆಯ ಕಲ್ಲು. ಮೂಡಲು ಹಳ್ಳ, ತೆಂಕಲು ಹುಣಿಸೆಯ ಮರ, ಪಡುವಲು ಹೆದ್ದಾರಿ ಎಂಬ ರೀತಿಯ ವಿವರಗಳು ಶಾಸನ ಓದಿದವರಿಗೆಲ್ಲ ಪರಿಚಿತ. ದೇವಾಲಯಗಳಿಗೆ ಬಿಟ್ಟ ದತ್ತಿಗಳಲ್ಲಿ ಗಾಣ, ಹೂದೋಟ, ಅಂಗಡಿಗಳ ಸಾಲಿನಲ್ಲಿ ಮನೆಯ ನಿವೇಶನಗಳೂ ಬರುತ್ತವೆ. ಆದರೆ ಓಣಿಯೊಳಗಿನ ಮನೆಗೆ ನಾಲ್ಕೂ ಕಡೆ ಕಲ್ಲು ನೆಡಲಾಗದು. ಗೋಡೆಗೆ ಗೋಡೆ ತಾಗಿರುತ್ತದೆ. ಅಲ್ಲಿ ಪಕ್ಕದ ಮನೆಯೇ ಎಲ್ಲೆಗಲ್ಲು, ಪಕ್ಕದ ಮನೆಯವನ ನೆನಪೇ ದಾಖಲೆ.

ಸಂಸ್ಕೃತದ ವ್ಯವಹಾರಗ್ರಂಥಗಳಲ್ಲಿ ಈ ಪಕ್ಕದವನಿಗೆ ಇರುವ ಹೆಸರು ‘ಸಾಮಂತ’. ಇದು ಸಾಹಿತ್ಯದ ವಿದ್ಯಾರ್ಥಿಗಳನ್ನು ದಾರಿ ತಪ್ಪಿಸಬಲ್ಲ ಪದ. ಪಂಪಭಾರತದ ಅರಿಕೇಸರಿಯನ್ನು ಓದಿ ಬಂದವರಿಗೆ ಸಾಮಂತನೆಂದರೆ ಚಕ್ರವರ್ತಿಗೆ ಅಧೀನನಾದ ಅರಸು. ಆದರೆ ‘ಸಮಂತ’ ಎಂದರೆ ಸುತ್ತಲೂ ಇರುವ ನೆಲೆ. ಆ ನೆಲೆಗೆ ಸೇರಿದವನು, ಎಲ್ಲೆ ಹಂಚಿಕೊಂಡವನು, ಸಾಮಂತ. ನೆರೆಯ ಅರಸನಿಗೆ ಸಲ್ಲುತ್ತಿದ್ದ ಮಾತು ಕ್ರಮೇಣ ಅಧೀನ ಅರಸನನ್ನು ಸೂಚಿಸತೊಡಗಿತು. ರಾಜಕೀಯದಲ್ಲಿ ಪದದ ಅರ್ಥ ಬದಲಾಯಿತು. ಆಸ್ತಿಯ ವ್ಯವಹಾರದಲ್ಲಿ ಸಾಮಂತನು ನೆರೆಯವನಾಗಿಯೇ ಉಳಿದನು.

ಕೌಟಿಲ್ಯನ ಅರ್ಥಶಾಸ್ತ್ರದ ಮೂರನೆಯ ಅಧಿಕರಣ ಈ ಸಾಮಂತನಿಗೆ ದೊಡ್ಡ ಸ್ಥಾನ ಕೊಡುತ್ತದೆ. ನೆಲ ಮಾರುವಾಗ ಕೊಳ್ಳುವ ಅವಕಾಶ ಕ್ರಮವಾಗಿ ಜ್ಞಾತಿಗಳಿಗೆ, ಸಾಮಂತರಿಗೆ, ಸಾಲ ಕೊಟ್ಟ ಧನಿಕರಿಗೆ, ಹೊರಗಿನವರು ಅನಂತರ. ಮನೆ ಮಾರುವವನು ನೆರೆಯ ನಲವತ್ತು ಕುಲದವರ ಸಮಕ್ಷಮದಲ್ಲಿ, ಮನೆಯ ಮುಂದೆಯೇ ಅದನ್ನು ಘೋಷಿಸಬೇಕು. ಈ ಬೆಲೆಗೆ ಕೊಳ್ಳುವವರು ಯಾರೆಂದು ಮೂರು ಸಲ ಕೂಗಿದ ಮೇಲೆ ಯಾರೂ ಅಡ್ಡ ಬಾರದಿದ್ದರೆ ಕೊಳ್ಳುವವನು ಕೊಳ್ಳಬಹುದು. ಮನೆಯ ವಿಕ್ರಯ ಇಲ್ಲಿ ಇಬ್ಬರ ನಡುವಿನ ಗುಟ್ಟಲ್ಲ, ಕೇರಿಯ ಕಟ್ಟೆಯ ಮೇಲೆ ನಡೆಯುವ ಘಟನೆ. ಅದೇ ವೇಳೆಗೆ, ಇದು ಹೊರಗಿನವನನ್ನು ಸಾಲಿನ ಕೊನೆಗೆ ನಿಲ್ಲಿಸುವ ನಿಯಮವೂ ಹೌದು.

ಸಾವಿರ ವರ್ಷಕ್ಕೂ ಹೆಚ್ಚು ಕಾಲದ ನಂತರ ಇದೇ ಪ್ರಶ್ನೆಯನ್ನು ಕನ್ನಡ ನಾಡಿನಲ್ಲಿ ಕುಳಿತು ಎತ್ತಿಕೊಂಡವನು ವಿಜ್ಞಾನೇಶ್ವರ. ಕಲ್ಯಾಣದ ಚಾಳುಕ್ಯ ಆರನೆಯ ವಿಕ್ರಮಾದಿತ್ಯನ ಆಳ್ವಿಕೆಯಲ್ಲಿ ಯಾಜ್ಞವಲ್ಕ್ಯಸ್ಮೃತಿಗೆ ಅವನು ಬರೆದ ಮಿತಾಕ್ಷರಾ ವ್ಯಾಖ್ಯಾನ, ಬ್ರಿಟಿಷರ ನ್ಯಾಯಾಲಯಗಳ ಮೂಲಕ ಭಾರತದ ಬಹುಭಾಗದ ಹಿಂದೂ ಆಸ್ತಿ ಕಾನೂನಿಗೆ ಆಧಾರವಾಯಿತು. ಅವನ ಹೆಸರು ಕಲಬುರಗಿ ಸಮೀಪದ ಮರತೂರಿನೊಡನೆ ತಳುಕು ಹಾಕಿಕೊಂಡಿದೆ. ಕೊಪಣವೂ ಅದೇ ಸಾಮ್ರಾಜ್ಯದ ಊರು. ಹಾಗಾಗಿ ಅವನ ಮಾತು ನಮಗೆ ಹೊರಗಿನ ಶಾಸ್ತ್ರವಲ್ಲ.

ಅವನ ಮುಂದೆ ಒಂದು ಪ್ರಾಚೀನ ಸೂತ್ರವಿತ್ತು. ಭೂಮಿ ಕೈ ಬದಲಿಸಲು ಆರು ಸಂಗತಿಗಳು ಬೇಕು: ಊರು, ಜ್ಞಾತಿಗಳು, ಸಾಮಂತರು, ದಾಯಾದರು ಎಂಬ ನಾಲ್ವರ ಅನುಮತಿ; ಜೊತೆಗೆ ಹೊನ್ನು ಮತ್ತು ನೀರಿನ ಧಾರೆ. ಸೂತ್ರವನ್ನು ಹಾಗೆಯೇ ಓದಿದರೆ ಊರಿನ ಒಪ್ಪಿಗೆ ಇಲ್ಲದೆ ಯಾರೂ ಏನನ್ನೂ ಮಾರುವಂತಿಲ್ಲ. ವಿಜ್ಞಾನೇಶ್ವರನು ಹಾಗೆ ಓದಲಿಲ್ಲ. ಪ್ರತಿಯೊಂದು ಅನುಮತಿಯ ಪ್ರಯೋಜನವೇನೆಂದು ಅವನು ಕೇಳಿದನು. ಊರಿನ ಅನುಮತಿ ವ್ಯವಹಾರವನ್ನು ಬಹಿರಂಗಗೊಳಿಸಲಿಕ್ಕೆ ಮಾತ್ರ; ಅದಿಲ್ಲದಿದ್ದರೆ ವ್ಯವಹಾರವೇ ಅಸಿದ್ಧವೆಂದಲ್ಲ. ಸಾಮಂತರ ಅನುಮತಿ ಎಲ್ಲೆಯ ಬಗ್ಗೆ ಮುಂದೆ ತಕರಾರು ಬಾರದಿರಲಿಕ್ಕೆ. ವಿಭಾಗವಾದ ಜ್ಞಾತಿಗಳ ಅನುಮತಿ, ಪಾಲಾಗಿದೆಯೋ ಇಲ್ಲವೋ ಎಂಬ ಸಂಶಯ ನಿವಾರಣೆಗೆ. ಇನ್ನು ಹೊನ್ನು ಮತ್ತು ನೀರು: ಸ್ಥಾವರವನ್ನು ಮಾರಬಾರದೆಂಬ ಹಳೆಯ ನಿಷೇಧವಿದ್ದುದರಿಂದ ಮಾರಾಟವನ್ನೂ ದಾನದ ರೂಪದಲ್ಲಿ, ಧಾರೆ ಎರೆದು ನಡೆಸಬೇಕೆಂಬುದಕ್ಕೆ.

ಶಾಸನಾಭ್ಯಾಸಿಗಳಿಗೆ ಈ ಕೊನೆಯ ಮಾತು ಉಪಯುಕ್ತ. ‘ಧಾರಾಪೂರ್ವಕ’ ಎಂದು ಕಂಡಲ್ಲೆಲ್ಲ ಅದನ್ನು ಉಚಿತ ದಾನವೆಂದು ನಿರ್ಧರಿಸುವ ಮುನ್ನ, ಅದರ ಹಿಂದೆ ಹೊನ್ನು ಕೊಟ್ಟು ಮಾರುಗೊಂಡ ವ್ಯವಹಾರವಿದ್ದಿರಬಹುದೇ ಎಂದು ಕೇಳಿಕೊಳ್ಳಬೇಕಾಗುತ್ತದೆ. ಆದರೆ ನನಗೆ ಇಲ್ಲಿ ಮುಖ್ಯವಾದುದು ಸಾಮಂತನ ವಿಚಾರ. ಕೌಟಿಲ್ಯನಲ್ಲಿ ಕೊಳ್ಳಲು ಮೊದಲ ಸಾಲಿನಲ್ಲಿ ನಿಂತಿದ್ದ ನೆರೆಯವನು ವಿಜ್ಞಾನೇಶ್ವರನಲ್ಲಿ ಸಾಕ್ಷಿಯ ಸ್ಥಾನಕ್ಕೆ ಬರುತ್ತಾನೆ. ‘ಯಾರು ಬರಬೇಕು’ ಎಂಬುದು ಅವನಿಗೆ ಕೇಳುವ ಪ್ರಶ್ನೆಯಲ್ಲ. ‘ಗೋಡೆ ಎಲ್ಲಿಯವರೆಗೆ’ ಎಂಬುದು ಅವನಿಗೆ ಕೇಳುವ ಪ್ರಶ್ನೆ.

ಆ ಸಾಕ್ಷ್ಯಕ್ಕೆ ಸ್ಮೃತಿಕಾರರು ಕೊಟ್ಟ ಗೌರವವೇನೂ ಕಡಿಮೆಯದಲ್ಲ. ಎಲ್ಲೆಯ ವಿವಾದ ಬಂದಾಗ ಸಾಮಂತರು, ಊರ ಹಿರಿಯರು, ದನಗಾಹಿಗಳು, ಗಡಿಯ ಹೊಲ ಉಳುವವರು ಗಡಿಯನ್ನು ತೋರಿಸಬೇಕು. ದಿಣ್ಣೆ, ಇದ್ದಿಲು, ಹೊಟ್ಟು, ಮರ, ಹುತ್ತ, ಎಲುಬು ಮುಂತಾದವು ಅದರ ಗುರುತುಗಳು. ಸಾಕ್ಷಿಗಳು ಕೆಂಪು ಹೂಮಾಲೆ ಧರಿಸಿ, ಕೆಂಪು ಬಟ್ಟೆಯುಟ್ಟು, ತಲೆಯ ಮೇಲೆ ಮಣ್ಣು ಹೊತ್ತು ಗಡಿಯ ಮೇಲೆ ನಡೆಯಬೇಕು. ತಾನು ನುಡಿಯುವ ನೆಲದ ಮಣ್ಣು ತನ್ನ ತಲೆಯ ಮೇಲೆಯೇ ಇದೆ ಎಂಬ ಅರಿವಿನಲ್ಲಿ ನುಡಿಯುವ ಸಾಕ್ಷ್ಯವದು. ಬಚ್ಚಲ ನೀರು ಯಾವ ಕಡೆ ಹರಿಯಬೇಕು, ಕಿಟಕಿ ಎಲ್ಲಿರಬೇಕು, ಮಾಳಿಗೆಯ ನೀರು ಯಾರ ಅಂಗಳಕ್ಕೆ ಬೀಳಬಾರದು ಎಂಬ ಸೂಕ್ಷ್ಮಗಳನ್ನೂ ಹಳೆಯ ಗ್ರಂಥಗಳು ಚರ್ಚಿಸಿವೆ. ಓಣಿಯಲ್ಲಿ ಬಾಳಿದವರಿಗೆ ಇವು ಶಾಸ್ತ್ರವಲ್ಲ, ಪ್ರತಿ ಮಳೆಗಾಲದ ಮಾತುಕತೆ.

ನಿಜಾಮರ ಕಾಲಕ್ಕೆ ಬಂದರೆ ನೆರೆಯವನ ಹಕ್ಕು ಮತ್ತೊಂದು ಹೆಸರಿನಲ್ಲಿ ಎದುರಾಗುತ್ತದೆ. ಕೊಪ್ಪಳ ಆಗ ಸಾಲಾರ್ ಜಂಗ್ ಮನೆತನದ ಜಹಗೀರು. ಹೈದರಾಬಾದ್ ಸಂಸ್ಥಾನದಲ್ಲಿ ಮಾನ್ಯವಾಗಿದ್ದ ‘ಹಕ್ಕೆ ಶುಫಾ’ ಎಂದರೆ ಪೂರ್ವಕ್ರಯದ ಹಕ್ಕು. ಹನಫಿ ನ್ಯಾಯಪದ್ಧತಿಯಲ್ಲಿ ಇದು ಮೂವರಿಗೆ ಸಲ್ಲುತ್ತದೆ: ಆಸ್ತಿಯಲ್ಲಿ ಪಾಲುಳ್ಳವನು, ದಾರಿ ಅಥವಾ ನೀರಿನಂಥ ಅನುಕೂಲದಲ್ಲಿ ಪಾಲುಳ್ಳವನು, ಮತ್ತು ಎಲ್ಲೆಗೆ ಹೊಂದಿಕೊಂಡ ನೆರೆಯವನು. ಮನೆ ಅಪರಿಚಿತನಿಗೆ ಮಾರಾಟವಾದರೆ ಇವರು ಅದೇ ಬೆಲೆ ಕೊಟ್ಟು ಅದನ್ನು ತಮ್ಮದಾಗಿಸಿಕೊಳ್ಳಬಹುದಿತ್ತು. ಕೌಟಿಲ್ಯನ ನಿಯಮಕ್ಕೂ ಇದಕ್ಕೂ ನೇರ ಸಂಬಂಧವಿಲ್ಲ. ಆದರೂ ಎರಡರ ಹಿಂದಿನ ಅಂಜಿಕೆ ಒಂದೇ. ಪರಕೀಯನು ಗೋಡೆಯ ಆಚೆಗೆ ಬಂದು ಕೂಡಬಾರದು.

ಈ ಹಕ್ಕು ಬಿದ್ದುಹೋದ ಬಗೆ ನಮ್ಮ ಕಾಲದ ಮಹತ್ವದ ಅಧ್ಯಾಯ. 1949ರಲ್ಲಿ ಜಹಗೀರುಗಳು ರದ್ದಾದವು; 1950ರಲ್ಲಿ ಸಂವಿಧಾನ ಜಾರಿಗೆ ಬಂದಿತು. ಕೊಪ್ಪಳ ಇನ್ನೂ ಹೈದರಾಬಾದ್ ರಾಜ್ಯದಲ್ಲಿದ್ದಾಗಲೇ, 1954ರಲ್ಲಿ ವರದಿಯಾದ ತೀರ್ಪೊಂದರಲ್ಲಿ ಹೈದರಾಬಾದ್ ಉಚ್ಚ ನ್ಯಾಯಾಲಯವು ಕೇವಲ ನೆರೆತನದ ಆಧಾರದ ಪೂರ್ವಕ್ರಯದ ಹಕ್ಕು ಸಂವಿಧಾನಕ್ಕೆ ವಿರುದ್ಧವೆಂದು ಹೇಳಿತು. 1962ರಲ್ಲಿ ಭಾವುರಾಮ್ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯದ ಬಹುಮತವೂ ಅದೇ ನಿಲುವನ್ನು ತಳೆಯಿತು. ಪಾಲುದಾರನ ಹಕ್ಕಿಗೆ ಕಾರಣವಿದೆ. ಒಂದೇ ಮನೆಯನ್ನು ಹಂಚಿಕೊಂಡವರ ನಡುವೆ ಕಲಹ ಬಾರದಿರಲಿ ಎಂಬುದು ನ್ಯಾಯವಾದ ಉದ್ದೇಶ. ಆದರೆ ಬರಿಯ ನೆರೆಯವನ ಹಕ್ಕಿನ ನಿಜವಾದ ಉದ್ದೇಶ ಧರ್ಮ, ಜನಾಂಗ, ಜಾತಿಗಳ ಆಧಾರದ ಮೇಲೆ ಹೊರಗಿನವರನ್ನು ದೂರವಿಡುವುದು. ಅದಕ್ಕೆ ಈ ಗಣರಾಜ್ಯದಲ್ಲಿ ಸ್ಥಾನವಿಲ್ಲ. ಇದು ಆ ತೀರ್ಪಿನ ಸಾರ. ವಿಜ್ಞಾನೇಶ್ವರನು ಪ್ರಯೋಜನವೇನೆಂದು ಕೇಳಿ ಸಾಮಂತನನ್ನು ಸಾಕ್ಷಿಯಾಗಿಸಿದ್ದನು. ನ್ಯಾಯಾಲಯವೂ ಪ್ರಯೋಜನವೇನೆಂದೇ ಕೇಳಿತು.

ಚರಿತ್ರೆ ಇಲ್ಲಿಗೆ ಮುಗಿದಿದ್ದರೆ ಈ ಲೇಖನವನ್ನು ಬರೆಯಬೇಕಾಗಿರಲಿಲ್ಲ.

ಕೆಲವು ವರ್ಷಗಳ ಹಿಂದೆ ನಮ್ಮ ಓಣಿಯ ಒಂದು ಮನೆ ಮಾರಾಟಕ್ಕೆ ಬಂದಿತು. ಕೊಳ್ಳಲು ಮುಂದೆ ಬಂದವನು ನನ್ನ ಹಳೆಯ ವಿದ್ಯಾರ್ಥಿ, ಪ್ರೌಢಶಾಲೆಯ ಶಿಕ್ಷಕ, ದಲಿತ ಕುಟುಂಬದವನು. ಬೆಲೆ ಕುದುರಿತ್ತು. ಒಂದು ಸಂಜೆ ಮನೆಯೊಡೆಯರಾದ ವೃದ್ಧರು ನಮ್ಮ ಕಟ್ಟೆಗೆ ಬಂದು ಕುಳಿತರು. “ಸರ, ನಮ್ಮ ಮನಿ ಮೂಡಲಕ್ಕ ನೀವದೀರಿ. ಹುಡುಗ ಛಲೋ ಅದಾನ, ರೊಕ್ಕನೂ ಸಜ್ಜ ಐತಿ. ಆದ್ರ ಓಣ್ಯಾಗ ಒಂದ್ ಮಾತ್ ಕೇಳಬೇಕಲ್ರಿ. ನೀವೇನಂತೀರಿ?” ಎಂದರು. ನಾನು, “ನಂದೇನೂ ಅಡ್ಡಿ ಇಲ್ರಿ ಅಜ್ಜಾರ. ಉಳಿದವರನ್ನ ಕೇಳ್ರಿ” ಎಂದೆ.

ಉಳಿದವರನ್ನು ಕೇಳಿದರು. ಎರಡು ದಿನಗಳಲ್ಲಿ ಮುಂಗಡ ಹಿಂದಿರುಗಿತು. ಆ ಮನೆ ಅನಂತರ ಓಣಿಯವರೊಬ್ಬರ ಬಂಧುಗಳಿಗೆ ಮೊದಲಿಗಿಂತ ಕಡಿಮೆ ಬೆಲೆಗೆ ಹೋಯಿತು. ಆ ಪತ್ರದ ಚಕ್ಕುಬಂದಿಯಲ್ಲಿ ಪೂರ್ವಕ್ಕೆ ನನ್ನ ಹೆಸರೇ ಇದೆ. ಯಾವ ಕಾನೂನೂ ಯಾರ ಒಪ್ಪಿಗೆಯನ್ನೂ ಬೇಡಿರಲಿಲ್ಲ. ಆದರೂ ಅದನ್ನು ಕೇಳಲಾಯಿತು, ಕೊಡದಿರಲಾಯಿತು. ನಾನು ಅಡ್ಡಿ ಮಾಡಲಿಲ್ಲವೆಂದು ಬಹುಕಾಲ ಸಮಾಧಾನ ಹೇಳಿಕೊಂಡೆ. ಆದರೆ ‘ಉಳಿದವರನ್ನ ಕೇಳ್ರಿ’ ಎಂದ ಕ್ಷಣವೇ, ಕೇಳುವ ಹಕ್ಕು ಇದೆಯೆಂದು ನಾನು ಒಪ್ಪಿದ್ದೆ. ನಾನು ಅಲ್ಲಿ ಮನೆ ಕೊಂಡಾಗ ಯಾರೂ ಏನನ್ನೂ ಕೇಳಿರಲಿಲ್ಲವೆಂಬುದನ್ನು ಓಣಿಯ ಸೌಜನ್ಯವೆಂದು ಭಾವಿಸಿದ್ದೆ. ನನ್ನ ಹೆಸರು ಕೇಳಿದೊಡನೆ ಪ್ರಶ್ನೆಗೆ ಉತ್ತರ ಸಿಕ್ಕಿತ್ತೆಂಬುದು ಆಗ ತಿಳಿದಿರಲಿಲ್ಲ.

ಆ ಶಿಕ್ಷಕ ಮುಂದೆ ಹಿಟ್ನಾಳದ ಕಡೆಗಿನ ಹೊಸ ಬಡಾವಣೆಯೊಂದರಲ್ಲಿ ನಿವೇಶನ ಕೊಂಡು ಮನೆ ಕಟ್ಟಿದನು. ನಮ್ಮ ಊರು ಹೊಸಪೇಟೆಯಿಂದ ಕುಷ್ಟಗಿಗೆ ಹೋಗುವ ರಾಷ್ಟ್ರೀಯ ಹೆದ್ದಾರಿಯ ಮೇಲಿರುವುದರಿಂದ ಆ ಭಾಗದ ಹೊಲಗಳೂ ಪ್ಲಾಟುಗಳಾಗುತ್ತಿವೆ. ಮನೆಯೊಕ್ಕಲಿಗೆ ಹೋದಾಗ ಅವನು ತನ್ನ ಪತ್ರವನ್ನು ತೋರಿಸಿದನು. ಪೂರ್ವಕ್ಕೆ ಪ್ಲಾಟ್ ಸಂಖ್ಯೆ, ಪಶ್ಚಿಮಕ್ಕೆ ಪ್ಲಾಟ್ ಸಂಖ್ಯೆ, ಉತ್ತರಕ್ಕೆ ರಸ್ತೆ, ದಕ್ಷಿಣಕ್ಕೆ ಮತ್ತೊಂದು ಪ್ಲಾಟ್ ಸಂಖ್ಯೆ. 1908ರ ನೋಂದಣಿ ಕಾಯ್ದೆಯ 21ನೆಯ ಕಲಮು ಪಟ್ಟಣದ ಮನೆಯನ್ನು ಅದು ಬೀದಿಯ ಯಾವ ಬದಿಗಿದೆ, ಅದರಲ್ಲಿ ಈಗ ಯಾರಿದ್ದಾರೆ, ಹಿಂದೆ ಯಾರಿದ್ದರು ಎಂಬುದರಿಂದ ಗುರುತಿಸಬೇಕೆನ್ನುತ್ತದೆ. ಸಂಖ್ಯೆಯಿದ್ದರೆ ಅದನ್ನೂ ಹೇಳಬೇಕು. ಹೊಸ ಬಡಾವಣೆಯಲ್ಲಿ ಹಿಂದೆ ಇದ್ದವರಿಲ್ಲ, ಸಂಖ್ಯೆಯೊಂದೇ ಉಳಿದಿದೆ. ನೆರೆಯವರ ಹೆಸರುಗಳು ಅಳಿದುಹೋಗುತ್ತಿರುವುದರ ಬಗ್ಗೆ ನಾನು ವಿಷಾದದ ಮಾತನ್ನಾಡಲು ಹೊರಟಿದ್ದೆ. ಅಷ್ಟರಲ್ಲಿ ಅವನೇ ಹೇಳಿದನು: “ನೋಡ್ರಿ ಸರ, ಇದರಾಗ ಯಾರ ಹೆಸರೂ ಇಲ್ಲ. ಬರೇ ನಂಬರ್ ಅದಾವ. ಕೇಳೋರ ಇಲ್ಲ.” ಅವನ ಧ್ವನಿಯಲ್ಲಿ ವಿಷಾದವಿರಲಿಲ್ಲ. ಬಿಡುಗಡೆಯಿತ್ತು.

ಹಳೆಯ ಊರಿನ ಓಣಿಗಳ ಬಗ್ಗೆ ಬರೆಯುವಾಗ ನಾವು ಕಟ್ಟೆ, ಬೆಳಕಿಂಡಿ, ಸಾಮಾಯಿಕ ಗೋಡೆಗಳನ್ನು ನೆನೆದು ಮನಸ್ಸು ತುಂಬಿ ಬರೆಯುತ್ತೇವೆ. ಆ ನೆನಪು ಸುಳ್ಳಲ್ಲ. ರಾತ್ರಿ ಎದೆನೋವೆಂದರೆ ಗೋಡೆ ತಟ್ಟಿದರೆ ಸಾಕು, ಆಚೆಯವರು ಬರುತ್ತಾರೆ. ಆದರೆ ಆ ಗೋಡೆಯ ಆಚೆ ಯಾರಿರಬೇಕೆಂದು ತೀರ್ಮಾನಿಸುವವರೂ ಅವರೇ ಎಂಬುದನ್ನು ಚರಿತ್ರೆ ಬರೆಯುವವನು ಬಿಟ್ಟುಬಿಡುವಂತಿಲ್ಲ. ಕಾನೂನೂ ಈ ವಿಷಯದಲ್ಲಿ ಒಂದೇ ದಿಕ್ಕಿನಲ್ಲಿ ನಡೆದಿಲ್ಲ. 2005ರಲ್ಲಿ ಅಹಮದಾಬಾದಿನ ಪಾರ್ಸಿ ಗೃಹನಿರ್ಮಾಣ ಸಹಕಾರ ಸಂಘವೊಂದು ತನ್ನ ಸದಸ್ಯತ್ವವನ್ನು ಪಾರ್ಸಿಗಳಿಗೆ ಸೀಮಿತಗೊಳಿಸಿದ್ದನ್ನು ಸರ್ವೋಚ್ಚ ನ್ಯಾಯಾಲಯ ಎತ್ತಿಹಿಡಿಯಿತು. ಒಬ್ಬ ನೆರೆಯವನು ಒಂಟಿಯಾಗಿ ಕಳೆದುಕೊಂಡ ಹಕ್ಕನ್ನು ನೆರೆಯವರೆಲ್ಲ ಸಂಘವಾಗಿ ಸೇರಿದರೆ ಪಡೆಯಬಹುದೇ ಎಂಬ ಪ್ರಶ್ನೆ ಹಾಗೆಯೇ ಉಳಿದಿದೆ.

ಸಂಶೋಧನ ವಿದ್ಯಾರ್ಥಿಗಳಿಗೆ ಒಂದು ಸೂಚನೆ. ನಿಮ್ಮ ನಿಮ್ಮ ಮನೆಗಳ ಹಳೆಯ ಕ್ರಯಪತ್ರಗಳನ್ನು ತೆಗೆದು ಚಕ್ಕುಬಂದಿಗಳನ್ನು ಸಾಲಾಗಿ ಬರೆದುಕೊಳ್ಳಿ. ಮೂರು ತಲೆಮಾರಿನ ನೆರೆಯವರ ಹೆಸರುಗಳು ದೊರೆಯುತ್ತವೆ. ಯಾವ ಹೆಸರುಗಳು ಎಂದೂ ಬಂದಿಲ್ಲವೆಂಬುದೂ ಗೋಚರಿಸುತ್ತದೆ. ಓಣಿಯ ಇತಿಹಾಸದ ಅರ್ಧಭಾಗ ಆ ಬಾರದ ಹೆಸರುಗಳಲ್ಲಿದೆ.

ನಮ್ಮ ಓಣಿಯಲ್ಲಿ ಇನ್ನೊಂದು ಮನೆ ಮಾರಾಟಕ್ಕೆ ಬರುವ ಸೂಚನೆಗಳಿವೆ. ಅದಕ್ಕೂ ನಾನು ಒಂದು ದಿಕ್ಕಿನ ಎಲ್ಲೆ. ಕಟ್ಟೆಗೆ ಬಂದು ಯಾರಾದರೂ ನನ್ನ ಅಭಿಪ್ರಾಯ ಕೇಳಿದರೆ, ನಮ್ಮ ಗೋಡೆ ಎಲ್ಲಿಯವರೆಗೆ ಇದೆಯೆಂದು ಎದ್ದು ಹೋಗಿ ತೋರಿಸಬೇಕು. ಉಳಿದ ಪ್ರಶ್ನೆ ನನ್ನನ್ನಾಗಲಿ, ಉಳಿದವರನ್ನಾಗಲಿ ಕೇಳುವಂಥದ್ದಲ್ಲವೆಂದು ಈ ಸಲ ಬಾಯಿಬಿಟ್ಟು ಹೇಳಬೇಕು.